ಕುದುರೆ ಎಲ್ಲಿ ನಿಲ್ಲಬೇಕು?

ಬ್ಯಾಂಜೋದ ಬ್ರಿಡ್ಜ್‌ಗೆ ಅಂಟು ಹಾಕಿರುವುದಿಲ್ಲ. ಮೊಳೆ ಇಲ್ಲ, ಸ್ಕ್ರೂ ಇಲ್ಲ. ಸುಮಾರು ಎರಡು ಗ್ರಾಂ ತೂಗುವ, ಸಾಮಾನ್ಯವಾಗಿ ಮೂರು ಕಾಲಿರುವ ಪುಟ್ಟ ಮರದ ತುಂಡು ಅದು. ಮೈ ಮೇಪಲ್ ಮರದ್ದು, ನೆತ್ತಿಯ ಮೇಲೆ ಕರಿಮರದ ಒಂದು ಪಟ್ಟಿ. ಡೋಲಿನ ಹಾಗೆ ಬಿಗಿದ ಪೊರೆಯ ಮೇಲೆ ಸುಮ್ಮನೆ ನಿಂತಿರುತ್ತದೆ. ಮೇಲಿನಿಂದ ಐದು ತಂತಿಗಳು ಒತ್ತುತ್ತವೆ. ಅದು ಅಲ್ಲಾಡದಿರುವುದು ಆ ಒತ್ತಡದಿಂದ ಮಾತ್ರ. ಐದನ್ನೂ ಒಟ್ಟಿಗೆ ಬಿಚ್ಚಿದರೆ ಬ್ರಿಡ್ಜ್ ಉರುಳಿ ಬೀಳುತ್ತದೆ. ಅದಕ್ಕೇ ತಿಳಿದವರು ತಂತಿ ಬದಲಿಸುವಾಗ ಒಂದೊಂದಾಗಿ ಬದಲಿಸುತ್ತಾರೆ.

ನಮ್ಮ ವೀಣೆ, ತಂಬೂರಿಗಳಲ್ಲಿ ಇದೇ ಕೆಲಸ ಮಾಡುವ ಭಾಗಕ್ಕೆ ಕುದುರೆ ಅಂತಾರೆ. ತಂತಿಗಳನ್ನೆಲ್ಲ ಬೆನ್ನ ಮೇಲೆ ಹೊತ್ತು ನಿಂತಿರುವುದಕ್ಕೆ ಒಳ್ಳೆಯ ಹೆಸರು. ಈ ಬರಹದಲ್ಲಿ ನಾನೂ ಹಾಗೇ ಕರೀತೀನಿ. ನನ್ನ ಪ್ರಶ್ನೆ ಇಷ್ಟೇ: ಎಲ್ಲಿ ಬೇಕಾದರೂ ನಿಲ್ಲಬಹುದಾದ ಈ ಕುದುರೆ ಎಲ್ಲಿ ನಿಂತರೆ ಸರಿ? ಮೇಲ್ನೋಟಕ್ಕೆ ಇದು ವಾದ್ಯ ರಿಪೇರಿಯ ಪ್ರಶ್ನೆ. ನನ್ನ ಪಾಲಿಗೆ ಮಾತ್ರ ಇದು ನಮ್ಮ ಮನೆಯ ಲೆಕ್ಕಾಚಾರದ ತನಕ ಬಂದು ಮುಟ್ಟಿತು.

ಮೊದಲು ಒಂದು ಗೊಂದಲ ಕ್ಲಿಯರ್ ಮಾಡಿಬಿಡ್ತೀನಿ. ನಮ್ಮ ಕಡೆ ಬ್ಯಾಂಜೋ ಅಂದ್ರೆ ಎಷ್ಟೋ ಜನರಿಗೆ ನೆನಪಾಗೋದು ಬುಲ್‌ಬುಲ್ ತರಂಗ್, ಟೈಪ್‌ರೈಟರ್ ಥರ ಗುಂಡಿಗಳಿರುವ ಪೆಟ್ಟಿಗೆ. ನಾನು ಹೇಳುತ್ತಿರುವುದು ಅಮೆರಿಕದ ಐದು ತಂತಿಯ ಬ್ಯಾಂಜೋ. ಜಾಕಿರ್ ಹುಸೇನ್ ಜೊತೆ ಬೇಲಾ ಫ್ಲೆಕ್ ನುಡಿಸಿದ್ದನ್ನು ಕೇಳಿದ್ದರೆ, ಅದೇ ವಾದ್ಯ. ಕೆಲಸದ ಮೇಲೆ ನಾನು ನಾರ್ತ್ ಕ್ಯಾರೊಲೈನಾದ ರಾಲಿಗೆ ಬಂದು ಏಳು ವರ್ಷ ಆಯಿತು. ಮೂರು ಬೆರಳಲ್ಲಿ ಬ್ಯಾಂಜೋ ನುಡಿಸುವ ಶೈಲಿಯನ್ನು ಜಗತ್ತಿಗೆಲ್ಲ ಕೇಳಿಸಿದ ಅರ್ಲ್ ಸ್ಕ್ರಗ್ಸ್ ಹುಟ್ಟಿದ್ದು ಇದೇ ರಾಜ್ಯದಲ್ಲಿ, 1924ರಲ್ಲಿ. 2013ರಿಂದ 2024ರವರೆಗೆ ದೊಡ್ಡ ಬ್ಲೂಗ್ರಾಸ್ ಸಂಗೀತೋತ್ಸವಕ್ಕೆ ನಮ್ಮ ಊರೇ ನೆಲೆಯಾಗಿತ್ತು. ಇಲ್ಲಿದ್ದುಕೊಂಡು ಬ್ಯಾಂಜೋ ಕಿವಿಗೆ ಬೀಳದೇ ಇರೋದು ಕಷ್ಟ. ನನ್ನ ಕೈಗೂ ಒಂದು ಬಂತು.

ಈಗ ಕುದುರೆಯ ವಿಷಯ. ಬ್ಯಾಂಜೋದ ಕತ್ತಿನ ಮೇಲೆ ವೀಣೆಯ ಮೆಟ್ಟಿಲುಗಳ ಹಾಗೆ ಫ್ರೆಟ್‌ಗಳಿರುತ್ತವೆ. ತಂತಿಯನ್ನು ಯಾವ ಫ್ರೆಟ್‌ನಲ್ಲಿ ಒತ್ತುತ್ತೀರೋ ಅಲ್ಲಿಂದ ಕುದುರೆಯವರೆಗಿನ ತುಂಡು ಮಾತ್ರ ನಡುಗುತ್ತದೆ. 12ನೇ ಫ್ರೆಟ್ ಅಂದರೆ ತಂತಿಯ ಸರಿ ಅರ್ಧ. ಅಲ್ಲಿ ಒತ್ತಿದರೆ ಮೇಲಿನ ಸ್ಥಾಯಿಯ ಅದೇ ಸ್ವರ ಬರಬೇಕು. ಹಾಗಾಗಿ ಮೊದಲ ಲೆಕ್ಕ ಸುಲಭ. ಕತ್ತಿನ ತುದಿಯಲ್ಲಿರುವ ಪಟ್ಟಿಯಿಂದ 12ನೇ ಫ್ರೆಟ್‌ಗೆ ಎಷ್ಟು ದೂರವೋ, 12ನೇ ಫ್ರೆಟ್‌ನಿಂದ ಕುದುರೆಗೂ ಅಷ್ಟೇ ದೂರ. ತಂತಿಯ ಒಟ್ಟು ಉದ್ದ 26¼ ಇಂಚು ಇರುವ ಬ್ಯಾಂಜೋಗಳು ತುಂಬ. ಅಂಥದ್ದರಲ್ಲಿ ಅರ್ಧ ಅಂದರೆ 13⅛ ಇಂಚು. ಟೇಪ್ ಹಿಡಿದು ಅಳೆದು ಕುದುರೆ ನಿಲ್ಲಿಸಿದರೆ ಕೆಲಸ ಶುರುವಾಯಿತು ಅಂತ ಅರ್ಥ. ಮುಗಿಯಿತು ಅಂತಲ್ಲ.

ಯಾಕೆಂದರೆ ತಂತಿಯನ್ನು ಒತ್ತಿದಾಗ ಅದು ಚೂರು ಎಳೆದುಕೊಳ್ಳುತ್ತದೆ. ಎಳೆದುಕೊಂಡ ತಂತಿಯ ಸ್ವರ ಲೆಕ್ಕಕ್ಕಿಂತ ಸ್ವಲ್ಪ ಮೇಲೇರುತ್ತದೆ. ಟೇಪಿಗೆ ಇದು ಗೊತ್ತಾಗಲ್ಲ, ಕಿವಿಗೆ ಗೊತ್ತಾಗುತ್ತದೆ. ಅದಕ್ಕೆ ಒಂದು ಪರೀಕ್ಷೆ ಇದೆ. 12ನೇ ಫ್ರೆಟ್‌ನ ನೇರಕ್ಕೆ ತಂತಿಯ ಮೇಲೆ ಬೆರಳನ್ನು ಒತ್ತದೆ, ಬರೀ ತಾಗಿಸಿ ಮೀಟಿದರೆ ಗಂಟೆಯಂಥ ತೆಳು ದನಿ ಬರುತ್ತದೆ. ಆಮೇಲೆ ಅದೇ ಜಾಗದಲ್ಲಿ ಒತ್ತಿ ಮೀಟಬೇಕು. ಎರಡೂ ಒಂದೇ ಸ್ವರವಾದರೆ ಕುದುರೆ ಸರಿಯಾದ ಜಾಗದಲ್ಲಿದೆ. ಒತ್ತಿದ ಸ್ವರ ಏರಿದ್ದರೆ ಕುದುರೆಯನ್ನು ಕತ್ತಿನಿಂದ ಆಚೆಗೆ ಸರಿಸಬೇಕು. ಇಳಿದಿದ್ದರೆ ಕತ್ತಿನ ಕಡೆಗೆ. ತಂತಿಗಳನ್ನು ಕೊಂಚ ಸಡಿಲಿಸಿ, ಕುದುರೆಯ ಬುಡ ಹಿಡಿದು ಕೂದಲೆಳೆಯಷ್ಟು ಜರುಗಿಸಿ, ಮತ್ತೆ ಶ್ರುತಿ ಮಾಡಿ, ಮತ್ತೆ ಕೇಳಬೇಕು. ಒಂದು ಮಿಲಿಮೀಟರ್ ಸರಿಸಿದರೆ ಆಗುವ ವ್ಯತ್ಯಾಸ ಸುಮಾರು ಎರಡೂವರೆ ಸೆಂಟ್. ಹಾರ್ಮೋನಿಯಂನ ಅಕ್ಕಪಕ್ಕದ ಎರಡು ಮನೆಗಳ ನಡುವಿನ ಅಂತರವನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ಸೆಂಟ್.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಕುದುರೆ ತಪ್ಪು ಜಾಗದಲ್ಲಿದ್ದರೂ ಒತ್ತದ ತಂತಿಗಳು ಚೆನ್ನಾಗಿಯೇ ಕೇಳುತ್ತವೆ! ಬ್ಯಾಂಜೋದ ಐದು ತಂತಿಗಳನ್ನು ಸಾಮಾನ್ಯವಾಗಿ ಶ್ರುತಿ ಮಾಡುವ ಕ್ರಮ ನಮ್ಮ ಲೆಕ್ಕದಲ್ಲಿ ಹೇಳಿದರೆ ಸ, ಗ, ಪ ಅಷ್ಟೇ. ಏನೂ ಒತ್ತದೆ ಕೈ ಆಡಿಸಿದರೂ ಇಂಪಾದ ಒಂದು ಹಾಡಿನ ಆರಂಭದ ಹಾಗೆ ಕೇಳುತ್ತದೆ. ಕುದುರೆ ಅರ್ಧ ಇಂಚು ಆಚೀಚೆ ಇದ್ದರೂ ಬಿರಡೆ ತಿರುಗಿಸಿ ತೆರೆದ ತಂತಿಗಳನ್ನು ಸರಿ ಮಾಡಬಹುದು. ತಪ್ಪು ಕೇಳಿಸುವುದು ಒತ್ತಿದಾಗ. ಒಂದೆರಡು ಫ್ರೆಟ್‌ಗಳಲ್ಲಿ ಅಷ್ಟಾಗಿ ತಿಳಿಯುವುದಿಲ್ಲ; ಮೇಲೇರುತ್ತಾ ಹೋದ ಹಾಗೆ ಅಪಸ್ವರ ಬೆಳೆಯುತ್ತಾ ಹೋಗುತ್ತದೆ. ಅಂಗಡಿಯಲ್ಲಿ ತೆರೆದ ತಂತಿ ಮೀಟಿ ಖುಷಿಯಾಗಿ ಬ್ಯಾಂಜೋ ಕೊಂಡವರು, ಮನೆಗೆ ಬಂದು 10ನೇ ಫ್ರೆಟ್‌ಗೆ ಹೋದಾಗ ಮುಖ ಕಿವುಚುತ್ತಾರೆ.

ಇನ್ನೊಂದು ತೊಡಕು. ಐದು ತಂತಿಗಳು ಒಂದೇ ದಪ್ಪ ಇರುವುದಿಲ್ಲ. ಮೂರನೆಯದು ಸುತ್ತುತಂತಿಯಿಲ್ಲದ ತಂತಿಗಳಲ್ಲೆಲ್ಲ ದಪ್ಪನೆಯದು. ಒತ್ತಿದರೆ ಬೇರೆಯವಕ್ಕಿಂತ ಹೆಚ್ಚು ಏರುತ್ತದೆ. ಕುದುರೆ ನೆಟ್ಟಗಿದ್ದರೆ ಒಂದನೇ ತಂತಿ ಸರಿಯಾದಾಗ ಮೂರನೆಯದು ಏರಿರುತ್ತದೆ. ಮೂರನೆಯದನ್ನು ಸರಿ ಮಾಡಲು ಇಡೀ ಕುದುರೆಯನ್ನು ಹಿಂದಕ್ಕೆ ತಂದರೆ ಒಂದನೆಯದು ಇಳಿಯುತ್ತದೆ. ಕುದುರೆಯನ್ನು ತುಸು ಓರೆ ಮಾಡಿ ನಿಲ್ಲಿಸುವವರಿದ್ದಾರೆ. ಮೂರನೇ ತಂತಿ ಕೂರುವ ಜಾಗವನ್ನು ಮಾತ್ರ ಒಂಚೂರು ಹಿಂದಕ್ಕೆ ಕೆತ್ತಿದ ಕುದುರೆಗಳೂ ಸಿಗುತ್ತವೆ. ಏನೇ ಮಾಡಿದರೂ ಐದೂ ತಂತಿ, ಎಲ್ಲ ಫ್ರೆಟ್‌ಗಳಲ್ಲಿ ಪೂರ್ತಿ ಸರಿ ಕೇಳುವ ಜಾಗ ಅಂತ ಒಂದಿಲ್ಲ. ಇಲ್ಲವೇ ಇಲ್ಲ.

ಇಷ್ಟು ಕೇಳಿದ ಮೇಲೆ ನಮ್ಮಂಥವರಿಗೆ ಒಂದು ವಾದ ಬಾಯಿಗೆ ಬರುತ್ತದೆ. ಪೂರ್ತಿ ಸರಿ ಅನ್ನೋದೇ ಇಲ್ಲ ಅಂದಮೇಲೆ ಎಲ್ಲಿಟ್ಟರೇನು? ಎಲ್ಲರದ್ದೂ ಅವರವರ ಸರಿ, ಅಲ್ವಾ? ಆಫೀಸಿನ ಕ್ಯಾಂಟೀನಿನಲ್ಲಿ, ವೀಕೆಂಡಿನ ಹರಟೆಯಲ್ಲಿ ನೈತಿಕತೆಯ ಮಾತು ಬಂದಾಗೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತದೆ. ಕೇಳಲು ಉದಾರವಾಗಿದೆ. ಆದರೆ ಕುದುರೆಯನ್ನು ಒಂದು ಸೆಂಟಿಮೀಟರ್ ಸರಿಸಿ ನುಡಿಸಿ ನೋಡಿ, ಸಂಗೀತ ಕಲಿಯದ ಮಗು ಕೂಡ ತಿರುಗಿ ನೋಡುತ್ತದೆ. ಪೂರ್ತಿ ಸರಿಯಾದ ಜಾಗ ಇಲ್ಲ ಅನ್ನೋದು ನಿಜ. ಖಂಡಿತ ತಪ್ಪಾದ ಜಾಗಗಳು ಬೇಕಾದಷ್ಟಿವೆ ಅನ್ನೋದೂ ಅಷ್ಟೇ ನಿಜ. ಉಳಿಯುವ ಒಂದೆರಡು ಮಿಲಿಮೀಟರ್‌ನೊಳಗೆ ಮಾತ್ರ ನಮ್ಮ ಆಯ್ಕೆ ನಡೆಯುವುದು. ಅಲ್ಲಿ ಕೇಳಬೇಕಾದ ಪ್ರಶ್ನೆ: ಉಳಿದ ತಪ್ಪನ್ನು ಯಾವ ತಂತಿಯ ತಲೆಗೆ ಕಟ್ಟುತ್ತೀರಿ?

ಈ ಪ್ರಶ್ನೆ ಬ್ಯಾಂಜೋಕ್ಕೆ ಯಾವಾಗಲೂ ಇರಲಿಲ್ಲ. ಈ ವಾದ್ಯದ ಬೇರು ಪಶ್ಚಿಮ ಆಫ್ರಿಕಾದಲ್ಲಿ. ಗುಲಾಮರಾಗಿ ಕೆರಿಬಿಯನ್ ದ್ವೀಪಗಳಿಗೂ ಅಮೆರಿಕಕ್ಕೂ ಸಾಗಿಸಲ್ಪಟ್ಟ ಜನ ನೆನಪಿನಲ್ಲಿ ಹೊತ್ತು ತಂದು, ಸಿಕ್ಕ ಸಾಮಾನುಗಳಲ್ಲಿ ಮತ್ತೆ ಕಟ್ಟಿದ ವಾದ್ಯ ಇದು. ಸೆನೆಗಲ್, ಗ್ಯಾಂಬಿಯಾ ಕಡೆಯ ಜೋಲಾ ಜನರ ಅಕೊಂಟಿಂಗ್ ಇದರ ಹತ್ತಿರದ ನೆಂಟ. ಸೋರೆಬುರುಡೆ, ಅದರ ಮೇಲೆ ಚರ್ಮ, ಮೂರು ತಂತಿ. ಆ ಮೂರರಲ್ಲಿ ಒಂದು ಗಿಡ್ಡ. ಅದರ ಕುದುರೆಯೂ ತಂತಿಯ ಒತ್ತಡದಿಂದಲೇ ನಿಲ್ಲುತ್ತದೆ. ಗ್ಯಾಂಬಿಯಾದ ಡೇನಿಯಲ್ ಜಟ್ಟಾ ಈ ವಾದ್ಯದ ಬಗ್ಗೆ ಪಟ್ಟು ಹಿಡಿದು ಮಾಡಿದ ಕೆಲಸದಿಂದ ಈ ನೆಂಟಸ್ತಿಕೆ ಹೊರಗಿನವರಿಗೂ ಗೊತ್ತಾಯಿತು. ಅಕೊಂಟಿಂಗ್‌ಗೆ ಫ್ರೆಟ್ ಇಲ್ಲ. ಹಳೆಯ ಬ್ಯಾಂಜೋಗಳಿಗೂ ಇರಲಿಲ್ಲ. ನುಡಿಸುವವರ ಬೆರಳು ಪಿಟೀಲಿನ ಹಾಗೆ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತಿತ್ತು. ಕುದುರೆ ಒಂದಿಷ್ಟು ಆಚೀಚೆ ನಿಂತರೆ ಬೆರಳೂ ಆಚೀಚೆ ಆಗುತ್ತಿತ್ತು, ಅಷ್ಟೇ.

ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಫ್ರೆಟ್‌ಗಳು ವಾಡಿಕೆಗೆ ಬಂದವು. ಯಾರೋ ಒಬ್ಬರು ಮುಂಚೆಯೇ ಲೆಕ್ಕ ಹಾಕಿ ಲೋಹದ ಕಡ್ಡಿಗಳನ್ನು ಹೊಡೆದು ಕೂರಿಸಿದರು. ಆಮೇಲೆ ಕುದುರೆಗೆ ಸರಿ, ತಪ್ಪು ಎರಡೂ ಹುಟ್ಟಿದವು. ನನಗೆ ಇದು ತುಂಬ ಯೋಚನೆಗೆ ಹಚ್ಚಿದ ಸಂಗತಿ. ಒಂದು ಕಡೆ ಏನೋ ಗಟ್ಟಿಯಾಗಿ ನಿಂತುಬಿಟ್ಟಾಗ ಮಾತ್ರ ಇನ್ನೊಂದು ಕಡೆ ಜವಾಬ್ದಾರಿ ಬರುತ್ತದೆ. ಇಪ್ಪತ್ತೆರಡರ ವಯಸ್ಸಲ್ಲಿ ನಮಗೆ ಫ್ರೆಟ್‌ಗಳಿರುವುದಿಲ್ಲ. ಎಲ್ಲಿ ಬೆರಳಿಟ್ಟರೂ ನಡೆಯುತ್ತದೆ. ಆಮೇಲೆ ಹೋಮ್ ಲೋನಿನ ಕಂತು, ವೀಸಾ, ಮಕ್ಕಳ ಸ್ಕೂಲು, ಅಪ್ಪ ಅಮ್ಮನ ವಯಸ್ಸು ಒಂದೊಂದೇ ಬಂದು ಕೂರುತ್ತವೆ. ಇವು ಯಾವುವೂ ಜರುಗುವುದಿಲ್ಲ. ಜರುಗಿಸಬಹುದಾದ್ದು ಉಳಿಯುವುದು ಒಂದೇ.

ಜರುಗಿಸೋದು ಅಂದರೆ ನಮ್ಮ ಭಾಷೆಯಲ್ಲಿ ಅಡ್ಜಸ್ಟ್ ಮಾಡೋದು. "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋ ಮಾತು ಬೆಂಗಳೂರಿನ ಬಸ್ಸಿನ ಸೀಟಿನಿಂದ ಹಿಡಿದು ಮದುವೆ ಮಾತುಕತೆವರೆಗೆ ಎಲ್ಲ ಕಡೆ ನಡೆಯುತ್ತದೆ. ಅದರಲ್ಲಿ ಒಂದು ಒಳ್ಳೆಯತನ ಇದೆ, ನಾನು ಅದನ್ನು ಆಡಿಕೊಳ್ಳುವವನಲ್ಲ. ಮೂವರ ಸೀಟಿನಲ್ಲಿ ನಾಲ್ಕನೆಯವರಿಗೆ ಜಾಗ ಆಗುವುದು ಆ ಮಾತಿನಿಂದಲೇ. ಆದರೆ ಆ ವಾಕ್ಯಕ್ಕೆ ಕರ್ತೃವೇ ಇಲ್ಲ ನೋಡಿ. ಯಾರು ಅಡ್ಜಸ್ಟ್ ಮಾಡ್ಕೋಬೇಕು? ಎಷ್ಟು? ಎಷ್ಟು ದಿನ? ಇವನ್ನು ಹೇಳದೇ ಬಿಡುವುದೇ ಆ ಮಾತಿನ ಅನುಕೂಲ. ಸಾಮಾನ್ಯವಾಗಿ ಯಾರು ಹೋದ ಸಲ ಮಾಡಿಕೊಂಡಿದ್ದರೋ ಅವರೇ ಈ ಸಲವೂ ಮಾಡಿಕೊಳ್ಳುತ್ತಾರೆ.

ನಮ್ಮ ಮನೆಯ ವಿಷಯಕ್ಕೆ ಬರ್ತೀನಿ. ಅಪ್ಪ ಮೈಸೂರಿನಲ್ಲಿದ್ದಾರೆ. ಅಮ್ಮ ತೀರಿಕೊಂಡು ಐದು ವರ್ಷ. ಅಪ್ಪನಿಗೆ ಪಾರ್ಕಿನ್ಸನ್ಸ್ ಅಂತ ಗೊತ್ತಾಗಿ ಮೂರು ವರ್ಷ. ನಾವು ಮೂವರು ಮಕ್ಕಳು: ಅಣ್ಣ ಪುಣೆಯಲ್ಲಿ, ಅಕ್ಕ ಮೈಸೂರಿನಲ್ಲೇ, ನಾನು ಇಲ್ಲಿ. ಅಕ್ಕ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಭಾವನಿಗೆ ವಾರದಲ್ಲಿ ನಾಲ್ಕು ದಿನ ಓಡಾಟದ ಕೆಲಸ, ಮಗಳು ಪಿಯುಸಿ. ಅಪ್ಪ ತಮ್ಮ ಮನೆ ಬಿಟ್ಟು ಬರಲು ಒಪ್ಪಲಿಲ್ಲ. ಅಕ್ಕನ ಮನೆಯಿಂದ ಅಲ್ಲಿಗೆ ಸ್ಕೂಟರಿನಲ್ಲಿ ಹತ್ತು ನಿಮಿಷ. ಮೊದಲ ದಿನವೇ ನಾವು ಮೂವರೂ ಮಾತಾಡಿ ತೀರ್ಮಾನಿಸಿದ್ದು ಸಮಪಾಲು. ಔಷಧಿ, ಹಗಲು ನೋಡಿಕೊಳ್ಳಲು ಬರುವವರ ಸಂಬಳ, ಫಿಸಿಯೋಥೆರಪಿ, ಎಲ್ಲದರ ಮೊತ್ತವನ್ನು ಮೂರರಿಂದ ಭಾಗಿಸಿ ತಿಂಗಳ ಮೊದಲ ವಾರ ಹಾಕುವುದು. ಲೆಕ್ಕ ಒಂದು ರೂಪಾಯಿ ತಪ್ಪಿದ್ದಿಲ್ಲ. ಊರಿನಲ್ಲಿ ಎಲ್ಲರೂ ಹೇಳುತ್ತಿದ್ದರು, "ಮಕ್ಕಳು ಅಂದ್ರೆ ಹೀಗಿರ್ಬೇಕು" ಅಂತ.

ಭಾನುವಾರದ ವಿಡಿಯೋ ಕಾಲಿನಲ್ಲಿ ಎಲ್ಲ ಇಂಪಾಗಿಯೇ ಕೇಳುತ್ತಿತ್ತು. "ಏನ್ ತೊಂದ್ರೆ ಇಲ್ಲ ಕಣೋ, ನಡೀತಿದೆ" ಅನ್ನುತ್ತಿದ್ದಳು ಅಕ್ಕ. ಆ ಮಾತು ಸುಳ್ಳಲ್ಲ. ಭಾನುವಾರ ಸಂಜೆ, ಅಪ್ಪ ಕಾಫಿ ಕುಡಿದು ಕೂತಿರುವಾಗ ನಿಜಕ್ಕೂ ತೊಂದರೆ ಇರಲಿಲ್ಲ. ಅದು ತೆರೆದ ತಂತಿ. ಒತ್ತಿದ ತಂತಿಯ ಸ್ವರ ಕೇಳಿದ್ದು ಒಂದು ಬುಧವಾರ. ನಮಗೆ ಸಂಜೆ, ಅಲ್ಲಿ ನಸುಕಿನ ಐದು ಗಂಟೆ. ಅಪ್ಪ ರಾತ್ರಿ ಬಚ್ಚಲಿಗೆ ಹೋಗುವಾಗ ಜಾರಿದ್ದರು, ಪೆಟ್ಟೇನೂ ಆಗಿರಲಿಲ್ಲ. ಅಕ್ಕ ಎರಡು ಗಂಟೆಗೆ ಹೋಗಿ ಎತ್ತಿ ಮಲಗಿಸಿ, ಅಲ್ಲೇ ಕೂತಿದ್ದಳು. ಎಂಟೂವರೆಗೆ ಅವಳಿಗೆ ಕ್ಲಾಸು. "ಈ ತಿಂಗಳಲ್ಲಿ ಇದು ನಾಲ್ಕನೇ ಸಲ" ಅಂದಳು. ದೂರುವ ಧಾಟಿ ಇರಲಿಲ್ಲ. ಮಗುವಿನ ಜ್ವರ ಎಷ್ಟಿದೆ ಅಂತ ಡಾಕ್ಟರಿಗೆ ಹೇಳುವ ಹಾಗೆ ಹೇಳಿದಳು, ಅಷ್ಟೇ. ಆಮೇಲೆ ಅಪ್ಪನಿಗೆ ಎಚ್ಚರವಾಯಿತು ಅಂತ ಫೋನ್ ಇಟ್ಟಳು.

ಮೂರರಿಂದ ಭಾಗಿಸಿದ ನಮ್ಮ ಲೆಕ್ಕದಲ್ಲಿ ನಸುಕಿನ ಐದು ಗಂಟೆಗೆ ಕಾಲಂ ಇರಲಿಲ್ಲ.

ಸಮಪಾಲು ಅನ್ನುವುದರ ಬಗ್ಗೆ ಸಂಗೀತದಲ್ಲೇ ಒಂದು ಹಳೆಯ ಕಥೆ ಇದೆ. ಷಡ್ಜದಿಂದ ಶುದ್ಧವಾದ ಪಂಚಮ, ಆ ಪಂಚಮವನ್ನು ಷಡ್ಜ ಮಾಡಿಕೊಂಡು ಮತ್ತೆ ಅದರ ಪಂಚಮ, ಹೀಗೆ ಹನ್ನೆರಡು ಹೆಜ್ಜೆ ಇಟ್ಟರೆ ಹೊರಟ ಸ್ವರಕ್ಕೇ ವಾಪಸ್ ಬರಬೇಕು. ಬರುವುದಿಲ್ಲ. ಸುಮಾರು 23.5 ಸೆಂಟ್ ಹೆಚ್ಚಾಗಿಬಿಡುತ್ತದೆ. ಯಾರ ತಪ್ಪೂ ಅಲ್ಲ, ಸಂಖ್ಯೆಗಳ ಸ್ವಭಾವವೇ ಹಾಗೆ. ಪಶ್ಚಿಮದವರು ಕೊನೆಗೆ ಕಂಡುಕೊಂಡ ದಾರಿ ಸಮಪಾಲು. ಆ ಹೆಚ್ಚುವರಿಯನ್ನು ಹನ್ನೆರಡು ಪಂಚಮಗಳಿಗೂ ಸಮವಾಗಿ ಹಂಚಿದರು, ಒಂದೊಂದಕ್ಕೆ ಎರಡು ಸೆಂಟ್‌ನಷ್ಟು. ಕಿವಿಗೆ ಗೊತ್ತೇ ಆಗುವುದಿಲ್ಲ. ಪಿಯಾನೋ, ಗಿಟಾರ್, ಬ್ಯಾಂಜೋಗಳ ಸ್ವರಗಳೆಲ್ಲ ಈ ಲೆಕ್ಕದಲ್ಲೇ ಕೂತಿರುವುದು.

ಆದರೆ ಈ ಸಮಪಾಲಿನಲ್ಲಿ ಗಾಂಧಾರಕ್ಕೆ ಏನಾಯಿತು ಗೊತ್ತಾ? ಪಂಚಮಕ್ಕೆ ಎರಡು ಸೆಂಟ್ ನಷ್ಟ ಆದಾಗ ಅಂತರ ಗಾಂಧಾರ ತನ್ನ ಸಹಜ ಜಾಗದಿಂದ ಸುಮಾರು 14 ಸೆಂಟ್ ಮೇಲೆ ಹೋಗಿ ಕೂತಿತು. ತಂಬೂರಿ ಚೆನ್ನಾಗಿ ಶ್ರುತಿಯಾದಾಗ ಯಾರೂ ಮೀಟದ ಗಾಂಧಾರವೊಂದು ತಾನಾಗಿ ಕೇಳುತ್ತದಲ್ಲ, ಅದರ ಪಕ್ಕ ಪಿಯಾನೋದ ಗಾಂಧಾರ ಇಟ್ಟು ನೋಡಿ, ವ್ಯತ್ಯಾಸ ಕೇಳುತ್ತದೆ. ಹಂಚಿದ್ದು ಸಮವಾಗಿಯೇ. ಪೆಟ್ಟು ಮಾತ್ರ ಸಮವಾಗಿ ಬೀಳಲಿಲ್ಲ. ಅದಕ್ಕೇ ಬ್ಯಾಂಜೋ ನುಡಿಸುವ ಎಷ್ಟೋ ಜನ ಗಾಂಧಾರದ ತಂತಿಯನ್ನು, ಅಂದರೆ ಎರಡನೆಯದನ್ನು, ಶ್ರುತಿ ಯಂತ್ರ ತೋರಿಸುವುದಕ್ಕಿಂತ ಚೂರು ಇಳಿಸಿ ಇಟ್ಟುಕೊಳ್ಳುತ್ತಾರೆ. ಯಂತ್ರದ ಪ್ರಕಾರ ಅದು ತಪ್ಪು.

ಆ ಬುಧವಾರದ ನಂತರ ನಾನು ಅಣ್ಣನಿಗೆ ಫೋನ್ ಮಾಡಿ ಇದನ್ನೇ ಹೇಳಿದೆ, ಬ್ಯಾಂಜೋ ಗೀಂಜೋ ಬಿಟ್ಟು. ದುಡ್ಡು ಮೂರು ಪಾಲಾಗುತ್ತದೆ, ರಾತ್ರಿ ಮೂರು ಪಾಲಾಗುವುದಿಲ್ಲ. ಅಣ್ಣ ಒಂದು ಮಾತು ಕೇಳಿದ, "ಅವಳೇನೂ ಕೇಳ್ಲಿಲ್ವಲ್ಲೋ?" ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು. ನಮ್ಮಂಥ ಮನೆಗಳಲ್ಲಿ ಕೇಳುವುದು ಅಂದರೆ ಜಗಳ ಅಂತ ಅರ್ಥ, ಸುಮ್ಮನಿರುವುದು ಅಂದರೆ ಒಪ್ಪಿಗೆ ಅಂತ ಅರ್ಥ. ಆದರೆ ತಂತಿಯನ್ನು ಒತ್ತಿ ನೋಡದೆ ಅದು ಸರಿಯಿದೆ ಅನ್ನಲು ಆಗುವುದಿಲ್ಲ. ಒಬ್ಬರು ಆರಾಮಾಗಿರುವಾಗ ಏನು ಹೇಳುತ್ತಾರೆ, ಒತ್ತಡದಲ್ಲಿರುವಾಗ ಏನು ಹೇಳುತ್ತಾರೆ, ಎರಡನ್ನೂ ಅವರ ಬಾಯಿಂದಲೇ ಕೇಳಿ ಹೋಲಿಸಬೇಕು. 12ನೇ ಫ್ರೆಟ್‌ನ ಪರೀಕ್ಷೆಯಲ್ಲಿ ನನಗೆ ಇಷ್ಟವಾದ ಗುಣ ಅದೇ. ಅಲ್ಲಿ ಮೂರನೇ ತಂತಿಯನ್ನು ಒಂದನೆಯದರ ಜೊತೆ ಹೋಲಿಸುವುದಿಲ್ಲ. ಅದನ್ನು ಅದರ ಜೊತೆಗೇ ಹೋಲಿಸುವುದು.

ಬ್ಯಾಂಜೋದ ಐದನೇ ತಂತಿಯ ಬಗ್ಗೆ ಹೇಳದೆ ಈ ಕಥೆ ಪೂರ್ತಿಯಾಗುವುದಿಲ್ಲ. ಅದು ಗಿಡ್ಡ ತಂತಿ. ಉಳಿದವುಗಳ ಹಾಗೆ ಕತ್ತಿನ ತುದಿಯಿಂದ ಹೊರಡುವುದಿಲ್ಲ. 5ನೇ ಫ್ರೆಟ್‌ನ ಹತ್ತಿರ, ನಡುದಾರಿಯಲ್ಲಿ ಅದಕ್ಕೊಂದು ಪ್ರತ್ಯೇಕ ಬಿರಡೆ. ಹೆಬ್ಬೆರಳು ಮತ್ತೆ ಮತ್ತೆ ಅದನ್ನು ಮೀಟುತ್ತಲೇ ಇರುತ್ತದೆ, ಮೇಲಿನ ಷಡ್ಜ ಮೊಳಗುತ್ತಲೇ ಇರುತ್ತದೆ. ಬ್ಯಾಂಜೋ ಅಂದಾಕ್ಷಣ ನಮಗೆ ಕೇಳುವ ಆ ಝಣಝಣದ ದೊಡ್ಡ ಪಾಲು ಅದರದ್ದೇ. ಆದರೆ ಸಾಮಾನ್ಯವಾಗಿ ಅದನ್ನು ಯಾರೂ ಒತ್ತುವುದಿಲ್ಲ. ಹಾಗಾಗಿ ಕುದುರೆ ಒಂದೆರಡು ಮಿಲಿಮೀಟರ್ ಎಲ್ಲಿ ಸರಿದರೂ ಅದಕ್ಕೆ ನಷ್ಟವಿಲ್ಲ; ಬಿರಡೆ ತಿರುಗಿಸಿದರೆ ಮುಗಿಯಿತು. ಕುದುರೆ ಓರೆ ಮಾಡುವವರು ಆ ತುದಿಯನ್ನು ಹಿಂದಕ್ಕೆ ಎಳೆಯುವುದಕ್ಕೆ ಹೆದರುವುದಿಲ್ಲ. ದೇಶದ ಹೊರಗಿರುವ ಮಗ ಅಂದರೆ ಈ ತಂತಿಯೇ ಅಂತ ನನಗೆ ನಗು ಬಂತು. ದಿನಾ ಫೋನಿನಲ್ಲಿ ಕೇಳಿಸುತ್ತಿರುತ್ತೇನೆ, ಯಾರೂ ನನ್ನನ್ನು ಒತ್ತುವುದಿಲ್ಲ. ಅದು ಐದನೇ ತಂತಿಯ ಅಪರಾಧವಲ್ಲ, ಅದರ ಜಾಗವೇ ಅಂಥದ್ದು. ಹೊಂದಾಣಿಕೆ ಬೇಕಾದಾಗ ಮೊದಲು ಸರಿಸಬೇಕಾದ ತುದಿಯೂ ಅದೇ.

ಹಾಗಾಗಿ ಲೆಕ್ಕ ಬದಲಾಯಿತು. ರಾತ್ರಿಗೂ ಒಬ್ಬರನ್ನು ಗೊತ್ತು ಮಾಡಿದೆವು. ಅದರ ಖರ್ಚು ಪೂರ್ತಿ ನನ್ನದು. ಮೈಸೂರಿನಲ್ಲಿ ರಾತ್ರಿ ಹನ್ನೊಂದಾದಾಗ ಇಲ್ಲಿ ಬೇಸಿಗೆಯಲ್ಲಿ ಮಧ್ಯಾಹ್ನ ಒಂದೂವರೆ. ಹಾಗಾಗಿ ರಾತ್ರಿಯ ಮೊದಲ ಫೋನು ನನಗೆ ಬರುತ್ತದೆ, ಅಕ್ಕನಿಗಲ್ಲ. ಡಾಕ್ಟರನ್ನು, ಆಂಬುಲೆನ್ಸನ್ನು ಇಲ್ಲಿಂದಲೇ ಕರೆಯಬಹುದು. ನಿಜಕ್ಕೂ ಬೇಕಾದರೆ ಮಾತ್ರ ಅವಳನ್ನು ಎಬ್ಬಿಸುವುದು. ಅಣ್ಣ ಎರಡು ತಿಂಗಳಿಗೊಮ್ಮೆ ಹತ್ತು ದಿನ ಲ್ಯಾಪ್‌ಟಾಪ್ ಸಮೇತ ಮೈಸೂರಿಗೆ ಬಂದು ಇರುತ್ತಾನೆ. ಆ ಹತ್ತು ದಿನ ಅಕ್ಕ ಆ ಕಡೆ ತಲೆ ಹಾಕುವಂತಿಲ್ಲ ಅಂತ ಕರಾರು. ದುಡ್ಡಿನ ಕಾಲಂ ನೋಡಿದರೆ ಇದು ಸಮಪಾಲಲ್ಲ. ಮೊದಲ ಸಲ ಆ ಹತ್ತು ದಿನಗಳಲ್ಲಿ ಅಕ್ಕ ಮಗಳನ್ನು ಕರೆದುಕೊಂಡು ಎಲ್ಲಿಗೂ ಹೋಗಲಿಲ್ಲ. ನಿದ್ದೆ ಮಾಡಿದಳಂತೆ.

ಇದರಿಂದ ಎಲ್ಲ ಸರಿಹೋಯಿತು ಅಂತ ಹೇಳುತ್ತಿಲ್ಲ. ರಾತ್ರಿಯವರು ರಜೆ ಹಾಕಿದ ದಿನ ಅಕ್ಕನೇ ಹೋಗಬೇಕು. ಅಪ್ಪ ಹೆಸರು ಹಿಡಿದು ಕೂಗುವುದು ಅವಳನ್ನೇ. ಸ್ಕೂಟರಿನಲ್ಲಿ ಹತ್ತು ನಿಮಿಷ ಅನ್ನೋದು ಒಂದು ಫ್ರೆಟ್, ಅದನ್ನು ನಾವು ಯಾರೂ ಕಿತ್ತು ಬೇರೆ ಕಡೆ ಹೊಡೆಯಲಾರೆವು. ಮೂರನೇ ತಂತಿ ಈಗಲೂ ಸ್ವಲ್ಪ ಏರಿಯೇ ಇದೆ. ಎಷ್ಟು ಅಂತ ನಮಗೆ ಮೂವರಿಗೂ ಗೊತ್ತಿದೆ, ಅದನ್ನು ಮಾತಲ್ಲಿ ಆಡುತ್ತೇವೆ. ಮೊದಲು ಅದು ಅವಳೊಬ್ಬಳಿಗೇ ಗೊತ್ತಿತ್ತು.

ಮನುಷ್ಯರಿಗೆ ಶ್ರುತಿ ಯಂತ್ರ ಇಲ್ಲವಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಾರಿಗೆ ಎಷ್ಟು ಭಾರ ಅಂತ ಹೇಳಲು ಸೆಂಟ್‌ಗಳ ಲೆಕ್ಕ ಇಲ್ಲ. ಯಾರು ತಡೆಯಬಲ್ಲರು ಅಂತ ತೀರ್ಮಾನಿಸುವವರು ಸಾಮಾನ್ಯವಾಗಿ ತಾವು ತಡೆಯಬೇಕಾಗಿಲ್ಲದವರು. "ಅವಳು ಗಟ್ಟಿಗಿತ್ತಿ, ನಿಭಾಯಿಸ್ತಾಳೆ" ಅನ್ನುವ ಹೊಗಳಿಕೆಯಲ್ಲಿ ಎಷ್ಟೋ ಮನೆಗಳು, ಎಷ್ಟೋ ಆಫೀಸುಗಳು ನಡೆದಿವೆ. ನಿಮ್ಮ ಟೀಮಿನಲ್ಲಿ ರಿಲೀಸ್ ಇರುವ ಪ್ರತಿ ಶುಕ್ರವಾರ ರಾತ್ರಿ ಕೂರುವವರು ಯಾರು ಅಂತ ನೆನಪಿಸಿಕೊಳ್ಳಿ. ಪ್ರತಿ ಸಲ ಹೆಸರು ಒಂದೇ ಆಗಿದ್ದರೆ ಅದಕ್ಕೆ ಯಂತ್ರ ಬೇಕಿಲ್ಲ. ಯಂತ್ರ ಇಲ್ಲದ ಕಾಲದಲ್ಲೂ ಜನ ಕುದುರೆ ನಿಲ್ಲಿಸುತ್ತಿದ್ದರು. ತಂಬೂರಿಯ ಕುದುರೆಯ ಮೇಲೆ ತಂತಿಯ ಅಡಿಗೆ ಇಡುವ ನೂಲೆಳೆಗೆ ಜೀವಾಳ ಅಂತಾರೆ. ಅದಕ್ಕೆ ಅಳತೆಯ ಗುರುತು ಇಲ್ಲ. ಮೀಟುತ್ತಾ, ನೂಲನ್ನು ಜರುಗಿಸುತ್ತಾ, ನಾದ ತುಂಬಿ ಬರುವ ತನಕ ಕೇಳುತ್ತಾ ಹೋಗುವುದೇ ವಿಧಾನ. ಆ ತಾಳ್ಮೆಯಿಂದ ಕೇಳುವುದು ಮನುಷ್ಯರ ವಿಷಯದಲ್ಲೂ ಆಗದ ಕೆಲಸವೇನಲ್ಲ. ಒತ್ತಡ ಯಾರ ಮೇಲಿದೆಯೋ ಅವರ ಮಾತಿಗೆ ಹೆಚ್ಚು ತೂಕ ಕೊಡುವುದು ಅದರ ಮೊದಲ ನಿಯಮ ಅಂತ ನನಗನ್ನಿಸುತ್ತದೆ.

ಕುದುರೆಯ ಜಾಗ ಸಿಕ್ಕಿದ ಮೇಲೆ ಪೊರೆಯ ಮೇಲೆ, ಅದರ ಕಾಲಿನ ಪಕ್ಕ, ಪೆನ್ಸಿಲಿನಿಂದ ಸಣ್ಣ ಗುರುತು ಹಾಕುವುದು ವಾಡಿಕೆ. ಪೆನ್ನಿನಿಂದ ಹಾಕುವುದಿಲ್ಲ. ತಂತಿಯ ದಪ್ಪ ಬದಲಿಸಿದರೆ, ಪೊರೆ ಬಿಗಿ ಮಾಡಿದರೆ, ತಂತಿಯ ಎತ್ತರ ಬದಲಾದರೆ ಮತ್ತೆ ನೋಡಬೇಕಾಗುತ್ತದೆ. ನುಡಿಸುತ್ತಾ ನುಡಿಸುತ್ತಾ ಕುದುರೆ ತಾನಾಗಿಯೇ ಒಂದಿಷ್ಟು ವಾಲುವುದೂ ಉಂಟು. ನಮ್ಮ ಹೊಸ ಲೆಕ್ಕವನ್ನೂ ಮೂರು ತಿಂಗಳಿಗೊಮ್ಮೆ ನೋಡುವುದು ಅಂತ ಮಾಡಿಕೊಂಡಿದ್ದೇವೆ. ಭಾನುವಾರದ ಕಾಲಿನಲ್ಲಿ ಅಲ್ಲ. ಆ ದಿನವನ್ನು ಅಕ್ಕನೇ ಆರಿಸಬೇಕು, ಮೊದಲು ಮಾತಾಡುವವಳೂ ಅವಳೇ. ಮುಂದಿನದು ದಸರಾ ಆದಮೇಲೆ ಅಂದಿದ್ದಾಳೆ. ಹಬ್ಬದ ವಾರದಲ್ಲಿ ಎಲ್ಲರೂ ಚೆನ್ನಾಗಿಯೇ ಕೇಳಿಸ್ತಾರೆ ಅಂತ ಅವಳಿಗೂ ಗೊತ್ತು.